ಖಾಲಿ ರಾಡಿನ ಲೆಕ್ಕ

ಜಿಮ್ ಸೇರಿದ ಮೊದಲ ವಾರ ನನ್ನ ಪುಸ್ತಕದಲ್ಲಿ 'ಬೆಂಚ್ ಪ್ರೆಸ್, 10 ಕಿಲೋ' ಎಂದು ಬರೆದುಕೊಂಡಿದ್ದೆ. ಬೆಂಚ್ ಪ್ರೆಸ್ ಎಂದರೆ ಬೆಂಚಿನ ಮೇಲೆ ಮಲಗಿ ರಾಡನ್ನು ಎದೆಯಿಂದ ಮೇಲಕ್ಕೆ ತಳ್ಳುವುದು. ರಾಡಿನ ಎರಡೂ ತುದಿಗೆ ಐದೈದು ಕಿಲೋ ಪ್ಲೇಟು, ಕೂಡಿದರೆ ಹತ್ತು. ಇಷ್ಟಕ್ಕೇ ಕೈ ನಡುಗುತ್ತದಲ್ಲ ಎಂಬ ನಾಚಿಕೆ ಬೇರೆ. ಪಕ್ಕದ ಬೆಂಚಿನಲ್ಲಿದ್ದ ಹಿರಿಯರು ಪುಸ್ತಕಕ್ಕೆ ಕಣ್ಣುಹಾಯಿಸಿ, "ರಾಡನ್ನು ಯಾರಪ್ಪಾ ಎತ್ತಿದ್ದು?" ಎಂದು ಕೇಳಿದರು. ಆ ರಾಡೊಂದೇ 20 ಕಿಲೋ ಇತ್ತು. ನಾನು ಎತ್ತಿದ್ದು 30.

ಅಂದಿನಿಂದ ರಾಡನ್ನು ಗಮನಿಸಿ ನೋಡಲು ಶುರುಮಾಡಿದೆ. ಒಲಿಂಪಿಕ್ ಮಾದರಿಯ ಪುರುಷರ ರಾಡು 20 ಕಿಲೋ, ಉದ್ದ 2.2 ಮೀಟರ್, ಹಿಡಿಯುವ ಭಾಗದ ದಪ್ಪ 28 ಮಿಲಿಮೀಟರ್. ಮಹಿಳೆಯರದು 15 ಕಿಲೋ, 25 ಮಿಲಿಮೀಟರ್. ಪ್ಲೇಟು ಕೂರುವ ದಪ್ಪ ತುದಿ ಎರಡರಲ್ಲೂ 50 ಮಿಲಿಮೀಟರ್. ಆ ತುದಿಯನ್ನು ಬೆರಳಿನಿಂದ ತಳ್ಳಿದರೆ ಗಿರಗಿರ ತಿರುಗುತ್ತದೆ. ಮೊದಲು ನೋಡಿದಾಗ, ಇದು ಸಡಿಲವಾಗಿ ಕೆಟ್ಟಿದೆ ಎಂದುಕೊಂಡು ಬೇರೆ ರಾಡು ಹುಡುಕಿದ್ದೆ! ಭಾರವನ್ನು ನೆಲದಿಂದ ಭುಜಕ್ಕೆ ಎಳೆದುಕೊಳ್ಳುವಾಗ ರಾಡು ಅಂಗೈಯಲ್ಲಿ ಹೊರಳುತ್ತದೆ. ಪ್ಲೇಟುಗಳೂ ಅದರೊಂದಿಗೇ ಹೊರಳಿದರೆ ಆ ತಿರುಚು ಮಣಿಕಟ್ಟಿಗೆ ಬೀಳುತ್ತದೆ. ಅದನ್ನು ತಪ್ಪಿಸಲೆಂದೇ ತುದಿ ಬೇರೆಯಾಗಿ ತಿರುಗುವುದು.

ಹಿಡಿತಕ್ಕೆಂದು ಮಾಡಿದ ಒರಟು ಗೀರುಗಳ ನಡುವೆ ಎರಡು ನುಣುಪು ಉಂಗುರಗಳಿವೆ. ಅವು ಅಲಂಕಾರವಲ್ಲ, ಕೈ ಇಡಲು ಗುರುತು. ಎಡಗೈ ದುರ್ಬಲ ಎಂದು ತಿಂಗಳುಗಟ್ಟಲೆ ಕೊರಗಿದೆ. ನಿಜವಾಗಿ ನನ್ನ ಎಡಗೈ ಉಂಗುರದಿಂದ ನಾಲ್ಕು ಬೆರಳು ಆಚೆ ಇತ್ತು, ಬಲಗೈ ಉಂಗುರದ ಮೇಲೆಯೇ.

ಎಲ್ಲ ರಾಡೂ 20 ಕಿಲೋ ಅಲ್ಲ ಎನ್ನುವುದು ಮುಂದಿನ ಪಾಠ. ಬಾಗಿದ ರಾಡು, ಗಿಡ್ಡ ರಾಡು, ತೆಳು ತುದಿಯ ರಾಡು, ಒಂದೊಂದಕ್ಕೂ ಒಂದೊಂದು ತೂಕ. ಕೇಳಿದರೆ ಹತ್ತು ಜನ ಹತ್ತು ಅಂಕಿ ಹೇಳುತ್ತಾರೆ. ನಾನು ತೂಕದ ಯಂತ್ರದ ಮೇಲೆ ರಾಡು ಹಿಡಿದು ಒಮ್ಮೆ, ಬರಿಗೈಯಲ್ಲಿ ಒಮ್ಮೆ ನಿಂತು, ಮೊದಲ ಅಂಕಿಯಿಂದ ಎರಡನೆಯದನ್ನು ಕಳೆದೆ. ಅನುಮಾನ ಮುಗಿಯಿತು.

ಸ್ಪರ್ಧೆಯ ಪ್ಲೇಟುಗಳಲ್ಲಿ ಕೆಂಪು 25, ನೀಲಿ 20, ಹಳದಿ 15, ಹಸಿರು 10 ಕಿಲೋ. ಆದರೆ ಜಿಮ್‌ಗಳ ಬಣ್ಣಕ್ಕೆ ಈ ನಿಯಮದ ಹಂಗಿಲ್ಲ. ಹಾಗಾಗಿ ಅಚ್ಚಾದ ಅಂಕಿ ಓದಬೇಕು, ಅದರ ಪಕ್ಕದ ಅಕ್ಷರವನ್ನೂ ಓದಬೇಕು. ಒಮ್ಮೆ ಒಂದು ಬದಿಗೆ 10 ಕಿಲೋ, ಇನ್ನೊಂದಕ್ಕೆ 10 ಪೌಂಡ್ ಹಾಕಿ ರಾಡನ್ನು ಹೆಗಲ ಮೇಲೆ ಹೊತ್ತು ಸ್ಕ್ವಾಟ್ (ಬೈಠಕ್) ಮಾಡಲು ನಿಂತೆ. ಸುಮಾರು ಐದೂವರೆ ಕಿಲೋ ವ್ಯತ್ಯಾಸ. ಸೊಂಟ ತಕ್ಷಣ ಹೇಳಿತು, ನನಗೆ ತಿಳಿಯಲು ಎರಡು ನಿಮಿಷ ಹಿಡಿಯಿತು.

ಅದಕ್ಕಿಂತ ದೊಡ್ಡ ಪೆದ್ದುತನ ಪ್ಲೇಟು ತೆಗೆಯುವಾಗಿನದು. ಬದಿಗೆ 40 ಕಿಲೋ ಇದ್ದ ರಾಡಿನ ಒಂದು ಬದಿಯನ್ನು ಪೂರ್ತಿ ಖಾಲಿ ಮಾಡಿದೆ. ಆಧಾರದ ಹೊರಗಿದ್ದ ಮತ್ತೊಂದು ಬದಿಯ ಭಾರಕ್ಕೆ ರಾಡು ಏತದಂತೆ ಎದ್ದು, ನನ್ನ ಕಿವಿಯ ಪಕ್ಕದಲ್ಲೇ ಹಾದುಹೋಯಿತು. ಈಗ ಆ ಬದಿಯಿಂದ ಒಂದು, ಈ ಬದಿಯಿಂದ ಒಂದು.

ಪ್ಲೇಟು ಜಾರದಂತೆ ರಾಡಿನ ತುದಿಗೆ ಲಾಕ್ ಹಾಕಬೇಕೇ ಎಂಬ ಜಗಳ ಪ್ರತಿ ಜಿಮ್‌ನಲ್ಲೂ ಇದೆ. ಒಬ್ಬರೇ ಬೆಂಚ್ ಪ್ರೆಸ್ ಮಾಡುವವರು, ಸಿಕ್ಕಿಬಿದ್ದರೆ ಓರೆ ಮಾಡಿ ಪ್ಲೇಟು ಜಾರಿಸಬಹುದೆಂದು ಲಾಕ್ ಬಿಡುತ್ತಾರೆ. ನನಗೆ ಅದಕ್ಕಿಂತ, ಬೀಳುವ ರಾಡನ್ನು ತಡೆಯುವ ರ‍್ಯಾಕ್‌ನ ಅಡ್ಡ ಸರಳುಗಳ ಮೇಲೆ ನಂಬಿಕೆ. ಖಾಲಿ ರಾಡಿನೊಂದಿಗೆ ಮಲಗಿ, ಎದೆಗೆ ತಾಗುವ ಮಟ್ಟಕ್ಕಿಂತ ತುಸು ಕೆಳಗೆ, ಆದರೆ ಕುತ್ತಿಗೆಗಿಂತ ಮೇಲೆ ಅವನ್ನು ಹೊಂದಿಸುತ್ತೇನೆ.

ಮಷಿನ್‌ಗಳ ಅಂಕಿಯನ್ನು ನಾನು ರಾಡಿನ ಲೆಕ್ಕಕ್ಕೆ ಸೇರಿಸುವುದಿಲ್ಲ. ಕೇಬಲ್‌ನಲ್ಲಿ ಚಲಿಸುವ ರಾಟೆಯೊಂದಿದ್ದರೆ ಕೈಗೆ ಬರುವ ಭಾರ ಅರ್ಧವಾಗಬಹುದು. ರಾಡು ಕಂಬಿಗಳ ಗುಂಟ ಮಾತ್ರ ಚಲಿಸುವ ಸ್ಮಿತ್ ಮಷಿನ್‌ನ ರಾಡಿಗೆ ಕೆಲವೆಡೆ ಒಳಗೇ ಎದುರುತೂಕ ಕಟ್ಟಿರುತ್ತಾರೆ. ಪುಸ್ತಕದ ಮಷಿನ್ ಪುಟದಲ್ಲಿ ಪ್ಲೇಟಿನ ತೂಕವನ್ನಷ್ಟೇ ಬರೆದು, ಮುಂದೆ ಮಷಿನ್ ಯಾವ ಮೂಲೆಯದು ಎಂದು ಗುರುತು ಹಾಕಿಕೊಳ್ಳುತ್ತೇನೆ.