ಮೂರನೆಯ ಕಿಲ್ಟ್

ಸ್ಕಾಟ್‌ಲೆಂಡಿನ ಗಂಡಸರು ಸೊಂಟಕ್ಕೆ ಸುತ್ತಿ ಉಡುವ, ಹಿಂದೆ ನೆರಿಗೆಯಿರುವ ಮೊಣಕಾಲುದ್ದದ ಬಟ್ಟೆ ಕಿಲ್ಟ್. ಪಂಚೆ ಉಟ್ಟು ಬೆಳೆದವನಿಗೆ ಅದೇನು ಮಹಾ ಎಂದುಕೊಂಡಿದ್ದೆ. ಹಾಸನದ ಮನೆಯಲ್ಲಿ ಸಂಜೆಯಾಯಿತೆಂದರೆ ಪ್ಯಾಂಟು ಕಳಚಿ ಲುಂಗಿ ಸುತ್ತಿಕೊಳ್ಳುತ್ತಿದ್ದೆ. ಎಡಿನ್‌ಬರೋಗೆ ಬಂದು ಒಂಬತ್ತು ವರ್ಷವಾದರೂ ಕಾಲಿಗೆ ಗಾಳಿಯಾಡುವ ಆ ಸುಖ ಮರೆತಿರಲಿಲ್ಲ. ಮದುವೆಗೆ, ರಗ್ಬಿ ಪಂದ್ಯಕ್ಕೆ ಕಿಲ್ಟ್ ಉಡುವವರು ಇಲ್ಲಿ ಬಹಳ. ಪಕ್ಕದ ಮನೆಯ ನಿವೃತ್ತ ಅಂಚೆಯವರು ಮಾತ್ರ ಹಾಲು ತರಲು ಹೋಗುವಾಗಲೂ ಅದನ್ನೇ ಉಡುತ್ತಾರೆ. ಮೇಲೊಂದು ಹಳೆಯ ಸ್ವೆಟರ್, ಕೆಳಗೆ ಜಾರಿದ ಕಾಲುಚೀಲ, ಸವೆದ ಬೂಟು. ನನಗೂ ಬೇಕಾಗಿದ್ದುದು ಅಂಥದ್ದೇ. ಅದು ಕೈಗೆ ಬರುವಷ್ಟರಲ್ಲಿ ಎರಡು ಕಿಲ್ಟ್ ದಂಡವಾದವು.

ಮೊದಲನೆಯದನ್ನು ಪ್ರವಾಸಿಗರ ಅಂಗಡಿಯೊಂದರಲ್ಲಿ ಕೊಂಡೆ. ಅಕ್ರಿಲಿಕ್ ಬಟ್ಟೆ, ಅಗ್ಗದ ಬೆಲೆ. ಸೊಂಟದ ಅಳತೆ ಕೇಳಿದಾಗ ಪ್ಯಾಂಟಿನದನ್ನೇ, ಎಂದರೆ 34 ಎಂದು ಹೇಳಿದೆ. ಕಿಲ್ಟ್ ನಿಲ್ಲುವುದು ಪ್ಯಾಂಟು ನಿಲ್ಲುವ ಜಾಗದಲ್ಲಲ್ಲ, ಹೊಕ್ಕುಳಿನ ಮಟ್ಟದಲ್ಲಿ. ಅಲ್ಲಿ ನಾನು 37 ಇಂಚು. ಬಕಲ್ ಹಾಕಲು ಉಸಿರು ಬಿಗಿಹಿಡಿಯಬೇಕು, ಇಲ್ಲದಿದ್ದರೆ ಕೆಳಗೆ ಜಾರಿಸಿ ಉಡಬೇಕು. ಜಾರಿಸಿದರೆ ಅಂಚು ಮೊಣಕಾಲು ದಾಟಿ ಇಳಿದು, ಪಾಠಶಾಲೆಯ ಹುಡುಗಿ ಅಕ್ಕನ ಲಂಗ ತೊಟ್ಟಂತೆ ಕಾಣುತ್ತಿತ್ತು. ವೇವರ್ಲಿ ನಿಲ್ದಾಣದಿಂದ ಪ್ರಿನ್ಸಸ್ ಸ್ಟ್ರೀಟಿಗೆ ಹತ್ತುವ ಮೆಟ್ಟಿಲುಗಳ ಮೇಲೆ ಗಾಳಿ ಹೇಗೆ ನುಗ್ಗುತ್ತದೆಂದು ಈ ಊರಿನವರಿಗೆಲ್ಲ ಗೊತ್ತು. ಹಗುರ ಬಟ್ಟೆ, ಒಂದು ಕೈಯಲ್ಲಿ ತರಕಾರಿ ಚೀಲ, ಇನ್ನೊಂದು ಕೈಯಲ್ಲಿ ಮಾನ. ಮಾರನೆಯ ದಿನ ಜಾಣತನ ಮಾಡಿ ಮುಂದಿನ ಎರಡು ಪದರಗಳನ್ನೂ ಸೇರಿಸಿ ಕಿಲ್ಟ್ ಪಿನ್ನು ಚುಚ್ಚಿದೆ. ಅದನ್ನು ಮೇಲಿನ ಪದರಕ್ಕೆ ಮಾತ್ರ ಚುಚ್ಚಬೇಕು. ಕಾಲು ಅಗಲಿಸಿ ಬಸ್ಸು ಹತ್ತಿದಾಗ ಪರ್ರೆಂದು ಹರಿಯಿತು.

ಎರಡನೆಯದು ಆ ಸಿಟ್ಟಿನಲ್ಲಿ ಕೊಂಡದ್ದು. ಮದುವೆಗೆ ಕಿಲ್ಟ್ ಬಾಡಿಗೆಗೆ ಕೊಡುವ ಅಂಗಡಿಗಳು ಹಳೆಯವನ್ನು ಕಡಿಮೆ ಬೆಲೆಗೆ ಮಾರುತ್ತವೆ. ಒಳ್ಳೆಯ ಉಣ್ಣೆ, ಎರಡು ಪಟ್ಟು ಅಗಲದ ಬಟ್ಟೆಯ ಗಜಕ್ಕೆ 16 ಔನ್ಸ್ ತೂಗುವ ದಪ್ಪ ನೇಯ್ಗೆ, ಕಿಲ್ಟಿನ ಅಗಲಕ್ಕೆ ಸೀಳಿದ ಮೇಲೆ ಒಟ್ಟು 8 ಗಜ. ಅಜ್ಜಿ ಉಡುತ್ತಿದ್ದ ಹದಿನೆಂಟು ಮೊಳದ ಸೀರೆಗಿಂತ ಎರಡೇ ಮೊಳ ಕಡಿಮೆ! ಮನೆಯ ತಕ್ಕಡಿಯಲ್ಲಿ ತೂಗಿದರೆ ಹತ್ತಿರ ಹತ್ತಿರ 2 ಕಿಲೋ. ನಡೆಯುವಾಗ ಹಿಂದಿನ ನೆರಿಗೆಗಳು ತೂಗುವ ಚೆಂದಕ್ಕೆ ಎಣೆಯಿಲ್ಲ, ಗಾಳಿಗೆ ಅಲುಗುವುದೂ ಇಲ್ಲ. ಸ್ನೇಹಿತನ ಮದುವೆಯಲ್ಲಿ ಆರು ತಾಸು ನಿಂತೆ, ಕುಣಿದೆ, ಏನೂ ತೊಂದರೆಯಾಗಲಿಲ್ಲ. ಸೋಮವಾರ ಕಚೇರಿಗೆ ಉಟ್ಟುಕೊಂಡು ಹೋದಾಗ ತಿಳಿಯಿತು. ಅಷ್ಟೂ ನೆರಿಗೆ ಬೆನ್ನ ಹಿಂದೆ ದಿಂಬಿನಂತೆ ಒತ್ತುತ್ತದೆ, ಕುರ್ಚಿಯಲ್ಲಿ ಮುಂದಕ್ಕೆ ತಳ್ಳಿಸಿಕೊಂಡು ಕುಳಿತಂತಾಗುತ್ತದೆ. ಹೀಟರಿನ ಬಿಸಿ ಬೇರೆ. ನಿಂತು ಮೆರೆಯುವುದಕ್ಕೆ ಹೊಲಿದ ಬಟ್ಟೆಯಲ್ಲಿ ನಾನು ದಿನಕ್ಕೆ ಎಂಟು ತಾಸು ಕೂರಲು ಹೊರಟಿದ್ದೆ.

ಕೊನೆಗೆ ಅಂಚೆಯವರೇ ಕೈಯಲ್ಲಿ ಕಿಲ್ಟ್ ಹೊಲಿಯುವ ಒಬ್ಬ ಹೆಂಗಸಿನ ಬಳಿಗೆ ಕಳಿಸಿದರು. ಯಾವ ಟಾರ್ಟನ್, ಅಂದರೆ ಯಾವ ಬಣ್ಣದ ಚೌಕಳಿ ವಿನ್ಯಾಸ, ಬೇಕೆಂದು ಕೇಳುತ್ತಾರೆ ಎಂದುಕೊಂಡು ಹೋದರೆ, ಅವರು ಮೊದಲು ಕೇಳಿದ್ದು, "ದಿನಕ್ಕೆ ಎಷ್ಟು ಹೊತ್ತು ಕುಳಿತಿರುತ್ತೀರಿ?" ಆಮೇಲೆ, "ಊಟವಾದ ಮೇಲೆ ಹೊಟ್ಟೆ ಎಷ್ಟು ಉಬ್ಬುತ್ತದೆ?" ಅನ್ನ ಸಾರು ತಿನ್ನುವವನನ್ನು ಹಾಗೆ ಕೇಳಬಾರದು. ಆದರೂ ನಿಜ ಹೇಳಿದೆ. ಬಕಲಿನ ಪಟ್ಟಿಯ ತೂತುಗಳಲ್ಲಿ ನಡುವಿನದಕ್ಕೆ ಸರಿಹೊಂದುವಂತೆ ಹೊಲಿದರೆ ಎರಡೂ ಕಡೆಗೆ ಅವಕಾಶವಿರುತ್ತದೆ ಎಂದರು. ಹೊಕ್ಕುಳಿನ ಸುತ್ತ ಒಂದು ಅಳತೆ, ಹಿಂಭಾಗದ ಅತಿ ಅಗಲವಾದ ಕಡೆ ಇನ್ನೊಂದು. ಈ ಎರಡನೆಯದನ್ನು ನಾನು ಅಲ್ಲಿಯವರೆಗೆ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ನೆರಿಗೆಗಳನ್ನು ಸೊಂಟದಿಂದ ಅಲ್ಲಿಯವರೆಗೆ ಹೊಲಿದು ಬಿಗಿಮಾಡಿ ಅಲ್ಲಿಂದ ಕೆಳಗೆ ಬಿಡುತ್ತಾರೆ. ಆ ಅಳತೆ ಕಡಿಮೆಯಾದರೆ ನೆರಿಗೆಗಳು ನೇರ ಬೀಳದೆ ಬಾಯಿ ಬಿಟ್ಟುಕೊಳ್ಳುತ್ತವೆ. ಉದ್ದಕ್ಕೆ ಮಂಡಿಯೂರಿ ನೆಟ್ಟಗೆ ನಿಲ್ಲಿಸಿದರು. ಅಂಚು ನೆಲದಿಂದ ಸುಮಾರು ಒಂದು ಇಂಚು ಮೇಲಿದ್ದರೆ, ಎದ್ದು ನಿಂತಾಗ ಮೊಣಕಾಲ ಚಿಪ್ಪಿನ ಮಟ್ಟಕ್ಕೆ ಸರಿಯಾಗಿ ಬರುತ್ತದೆ.

ಬಟ್ಟೆಯ ವಿಷಯಕ್ಕೆ ಒಂದು ಗಂಟೆ ಹಿಡಿಯಿತು. ಪಾಲಿಯೆಸ್ಟರ್ ಮತ್ತು ವಿಸ್ಕೋಸ್ ಬೆರೆತ ಬಟ್ಟೆಯನ್ನು ಮನೆಯ ಯಂತ್ರದಲ್ಲೇ ಒಗೆಯಬಹುದು, ನೆರಿಗೆಗಳಿಗೆ ಮೊದಲು ದಾರದಲ್ಲಿ ಕಚ್ಚಾ ಹೊಲಿಗೆ ಹಾಕಿಕೊಂಡರೆ ಸಾಕು. ಅಂಚೆಯವರದು ಅದೇ. ಮಳೆ, ತೋಟ, ನಾಯಿ ಇರುವವರಿಗೆ ಅದೇ ಸರಿ. ಜೇಬುಗಳಿರುವ ಹತ್ತಿಯ ಕಿಲ್ಟ್ ಒಂದನ್ನು ಈ ಮೊದಲೇ ಇನ್ನೊಂದು ಕಡೆ ಉಟ್ಟು ನೋಡಿದ್ದೆ. ಹತ್ತು ನಿಮಿಷ ಕುಳಿತು ಎದ್ದರೆ ಹಿಂದೆಲ್ಲ ಮುದುರಿತ್ತು. ನಾನು ಉಣ್ಣೆಗೇ ಬಂದೆ. ತುಂತುರು ಮಳೆಗೆ ತಕ್ಷಣ ನೆನೆಯುವುದಿಲ್ಲ, ಬೆವರಿನ ವಾಸನೆ ಹಿಡಿಯುವುದಿಲ್ಲ, ರಾತ್ರಿ ನೇತುಹಾಕಿದರೆ ಬೆಳಗ್ಗೆ ನೆಟ್ಟಗಾಗಿರುತ್ತದೆ. ನೇಯ್ಗೆಯ ತೂಕ ಗಜಕ್ಕೆ 13 ಔನ್ಸ್, ಬಟ್ಟೆ 4 ಗಜ ಮಾತ್ರ. ನೆರಿಗೆಗಳನ್ನು ಕತ್ತಿಯ ಅಲಗಿನಂತೆ ಒಂದೇ ಕಡೆಗೆ ಒತ್ತೊತ್ತಾಗಿ ಮಡಿಸುವ ಬದಲು, ಎರಡೂ ಕಡೆಗೆ ಮಡಿಸಿ ಅಗಲವಾದ ಪೆಟ್ಟಿಗೆ ನೆರಿಗೆ ಇಟ್ಟರು. ಇದು ಹೊಸ ಫ್ಯಾಷನ್ನೇನಲ್ಲ. 18ನೆಯ ಶತಮಾನದ ಕೊನೆಯಲ್ಲಿ ಹೊಲಿದ ಕಿಲ್ಟ್‌ಗಳಲ್ಲಿ ಇಂಥ ನೆರಿಗೆಗಳೇ ಇದ್ದವು. ಬೆನ್ನ ಹಿಂದಿನ ದಿಂಬು ಹೋಯಿತು.

ಟಾರ್ಟನ್ ಯಾವ ಮನೆತನದ್ದು ಎಂದು ಇಲ್ಲಿ ಕೇಳುವುದು ನಮ್ಮಲ್ಲಿ ಗೋತ್ರ ಕೇಳಿದ ಹಾಗೆ. ಇಂಥವರೇ ಇಂಥದ್ದನ್ನು ಉಡಬೇಕೆಂಬ ಕಾನೂನು ಇಲ್ಲ, ಆದರೂ ಮುಜುಗರ ಇದ್ದೇ ಇರುತ್ತದೆ. ಯಾರು ಬೇಕಾದರೂ ಉಡಬಹುದೆಂದು ಎಲ್ಲರೂ ಒಪ್ಪುವ ಕೆಲವು ವಿನ್ಯಾಸಗಳಿವೆ. ಅವುಗಳಲ್ಲಿ ಬ್ಲ್ಯಾಕ್ ವಾಚ್ ಆರಿಸಿದೆ: ಕಡುನೀಲಿ, ಕಡುಹಸಿರು, ಕಪ್ಪು. ಸೇನೆಯ ರೆಜಿಮೆಂಟಿನ ಬಟ್ಟೆ ಅದು. ಇಲ್ಲಿ ರಾಜನ ವಿರುದ್ಧ ಎದ್ದ ಬಂಡಾಯವಡಗಿಸಿದ ಬಳಿಕ 1746ರ ಕಾನೂನು ಸ್ಕಾಟ್‌ಲೆಂಡಿನ ಗಂಡಸರಿಗೆ ಈ ಹೈಲ್ಯಾಂಡ್ (ಉತ್ತರದ ಗುಡ್ಡಗಾಡಿನ) ಉಡುಪನ್ನೇ ನಿಷೇಧಿಸಿತ್ತು, 1782ರವರೆಗೆ. ಆಗಲೂ ಸೈನಿಕರಿಗೆ ಮಾತ್ರ ವಿನಾಯಿತಿ ಇತ್ತು. ನನ್ನ ಕಾರಣ ಅಷ್ಟು ಘನವಾದದ್ದಲ್ಲ. ಅದರ ಮೇಲೆ ಸಾರಿನ ಕಲೆ ಕಾಣುವುದಿಲ್ಲ.

ಈಗ ವಾರಕ್ಕೆ ಮೂರು ನಾಲ್ಕು ದಿನ ಉಡುತ್ತೇನೆ. ನನ್ನ ಕಿಲ್ಟಿಗೆ ಜೇಬಿಲ್ಲ, ಹಾಗಾಗಿ ಮುಂದೆ ತೂಗುವ ಸ್ಪೊರನ್ ಎಂಬ ಚೀಲ ಬೇಕೇಬೇಕು. ತುಪ್ಪಳದ್ದಲ್ಲ, ಮೊಬೈಲು ಹಿಡಿಸುವ ಸಾದಾ ಚರ್ಮದ್ದು. ಕುಳಿತಾಗ ಮುಂದಿನ ಬಟ್ಟೆಯನ್ನು ತೊಡೆಗಳ ನಡುವೆ ಒತ್ತಿಹಿಡಿಯುವ ಕೆಲಸವೂ ಅದರದೇ. ಕೂರುವ ಮೊದಲು ಒಂದು ಕೈಯಿಂದ ಹಿಂದಿನ ನೆರಿಗೆ ಸವರಿಕೊಳ್ಳಬೇಕು. ಇದನ್ನು ಯಾರೂ ಕಲಿಸಬೇಕಾಗಲಿಲ್ಲ, ಪಂಚೆಯ ಕೈ ತಾನೇ ಹೋಗುತ್ತದೆ. ಅದೇ ಕೈ ಒಮ್ಮೆ ಬ್ಯಾಂಕಿನ ಸರದಿಯಲ್ಲಿ ಅಂಚನ್ನು ಮೇಲೆತ್ತಿ ಕಟ್ಟಲು ಹೋಗಿತ್ತು, ಹೇಗೋ ತಡೆದೆ. ಒಳಗೆ ಏನು ಎಂದು ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ: ಚಡ್ಡಿ. ಉಣ್ಣೆ ಚುಚ್ಚುತ್ತದೆ.

ಅಮ್ಮನಿಗೆ ವಿಡಿಯೊ ಕರೆಯಲ್ಲಿ ತೋರಿಸಿದೆ. ತಿರುಗು ಎಂದಳು, ತಿರುಗಿದೆ. ಕೈ ಹೊಲಿಗೆಯೇ ಎಂದು ಕೇಳಿದಳು, ಹೌದೆಂದೆ. ಸ್ವಲ್ಪ ಹೊತ್ತು ಸುಮ್ಮನೆ ನೋಡಿ, "ಹೊಲಿಗೆ ಚೆನ್ನಾಗಿದೆ ಕಣೋ. ಆದರೆ ನೆರಿಗೆ ಹಿಂದಕ್ಕೆ ಹೋಗಿದೆಯಲ್ಲ, ತಿರುಗುಮುರುಗಾಗಿ ಉಟ್ಟಿದ್ದೀಯೇನೋ ಸರಿಯಾಗಿ ನೋಡಿಕೋ" ಎಂದಳು.