ಎದೆನೀರು, ಹೊಟ್ಟೆನೀರು: ಟ್ಯೂಮರ್ ಮಾರ್ಕರ್ ರಿಪೋರ್ಟ್ ಓದುವ ಬಗೆ

ಎದೆಯಿಂದ ತೆಗೆದ ನೀರಲ್ಲಿ 2 ಎಂಎಲ್ ಟ್ಯೂಮರ್ ಮಾರ್ಕರ್‌ಗೆ (ಕ್ಯಾನ್ಸರಿನಲ್ಲಿ ಹೆಚ್ಚಾಗಬಹುದಾದ ವಸ್ತುವಿನ ಪರೀಕ್ಷೆಗೆ) ಇಟ್ಟುಕೊಂಡು ಮಿಕ್ಕಿದ್ದನ್ನು ಚೆಲ್ಲಬೇಡಿ. ಕ್ಯಾನ್ಸರ್ ಎಂದು ಖಚಿತವಾಗಿ ಹೇಳುವುದು ಸೈಟಾಲಜಿ (ನೀರಿನ ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು), ಇಲ್ಲವೇ ಬಯಾಪ್ಸಿ (ತುಣುಕು ತೆಗೆದು ನೋಡುವುದು). ಮಾರ್ಕರ್ ಅನುಮಾನವನ್ನು ಹೆಚ್ಚಿಸುತ್ತದೆ, ಅಷ್ಟೆ. ಸೈಟಾಲಜಿಗೆ 50 ಎಂಎಲ್ ಎತ್ತಿಡಿ. ಆ ಬಾಟಲಿಗೆ ಹೆಪ್ಪುಗಟ್ಟದಂತೆ ಇಡಿಟಿಎ ಹಾಕಿ.

ಮಿಕ್ಕ ನೀರಲ್ಲಿ ಪ್ರೋಟೀನ್, ಎಲ್‌ಡಿಎಚ್ (ಒಂದು ಕಿಣ್ವ), ಜೀವಕೋಶಗಳ ಎಣಿಕೆ, ಎಡಿಎ (ಟಿಬಿಯ ಸುಳಿವು ಕೊಡುವ ಕಿಣ್ವ), ಸಿಇಎ (ಒಂದು ಟ್ಯೂಮರ್ ಮಾರ್ಕರ್) ಮಾಡಿಸಿ. ಅದೇ ದಿನ ರಕ್ತವನ್ನೂ ತೆಗೆಯಿರಿ. ಎರಡೂ ಒಂದೇ ಲ್ಯಾಬಿಗೆ ಹೋಗಲಿ. ಫಾರಂ ಮೇಲೆ ‘ಎದೆನೀರು’ ಎಂದು ಬರೆಯಿರಿ. ಪರೀಕ್ಷೆಯ ಕಿಟ್‌ಗಳನ್ನು ಸಾಮಾನ್ಯವಾಗಿ ಸೀರಮ್‌ಗೆಂದು (ರಕ್ತದ ತಿಳಿ ಭಾಗಕ್ಕೆಂದು) ಮಾಡಿರುತ್ತಾರೆ, ಹಾಗಾಗಿ ರಿಪೋರ್ಟಿನಲ್ಲಿ ಅಚ್ಚಾಗಿರುವ ನಾರ್ಮಲ್ ಮಿತಿ ಈ ನೀರಿಗೆ ಹೊಂದುವುದಿಲ್ಲ.

ತೀರ್ಥಹಳ್ಳಿಯಿಂದ ಆಗುಂಬೆ ಘಾಟಿ ಇಳಿಸಿ ಮಣಿಪಾಲಕ್ಕೆ ಕಳಿಸುವವರು ಮಳೆಗಾಲದಲ್ಲಿ ತಡವಾಗುತ್ತದೆಂದೇ ಲೆಕ್ಕ ಹಾಕಿ, ಐಸ್‌ಪ್ಯಾಕ್ ಇರುವ ಪೆಟ್ಟಿಗೆ ಬಳಸಿ. ಸೈಟಾಲಜಿ ಬಾಟಲಿಯನ್ನು ಫ್ರೀಜರಿನಲ್ಲಿಟ್ಟರೆ ಕೋಶಗಳು ಒಡೆದುಹೋಗುತ್ತವೆ. 2ರಿಂದ 8 ಡಿಗ್ರಿ ಸಾಕು.

ಓದುವಾಗ ಮೊದಲು ಟಿಬಿ. ಲಿಂಫೊಸೈಟ್ (ಒಂದು ಬಗೆಯ ಬಿಳಿ ರಕ್ತಕಣ) ಹೆಚ್ಚಿದ್ದು ಎಡಿಎ ಲೀಟರಿಗೆ 40 ಯೂನಿಟ್ ದಾಟಿದ್ದರೆ ಅದೇ ಮುಖ್ಯ ಅನುಮಾನ. ಸಿಇಎ ಎಂಎಲ್‌ಗೆ 5 ನ್ಯಾನೊಗ್ರಾಂಗಿಂತ ಹೆಚ್ಚಿದ್ದರೆ ಎಚ್ಚರ. ರಕ್ತದಲ್ಲಿರುವುದಕ್ಕಿಂತ ನೀರಿನಲ್ಲೇ ಬಹಳ ಜಾಸ್ತಿ ಇದ್ದರೆ ಇನ್ನೂ ಎಚ್ಚರ. ಆದರೆ ಕೀವು ತುಂಬಿದ ಎದೆಯಲ್ಲೂ ಸಿಇಎ ಏರಬಹುದು, ಬಾಟಲಿಯ ಬಣ್ಣ, ವಾಸನೆ ನೋಡದೆ ಅಂಕಿ ಓದಬೇಡಿ. ಕಡಿಮೆ ಬಂದರೆ ನಿರಾಳವಾಗುವಂತಿಲ್ಲ: ಮೀಸೊಥೆಲಿಯೋಮಾ (ಎದೆ, ಹೊಟ್ಟೆಗಳ ಒಳಪೊರೆಯಲ್ಲೇ ಹುಟ್ಟುವ ಕ್ಯಾನ್ಸರ್), ಲಿಂಫೋಮಾ (ಲಿಂಫೊಸೈಟ್‌ಗಳ ಕ್ಯಾನ್ಸರ್) ಇವುಗಳಲ್ಲಿ ಸಿಇಎ ಸಾಮಾನ್ಯವಾಗಿ ಏರುವುದಿಲ್ಲ.

ಹೊಟ್ಟೆನೀರಿಗೆ ಸಿಎ-125 (ಅಂಡಾಶಯದ ಕ್ಯಾನ್ಸರಿನ ಮಾರ್ಕರ್) ಬರೆಯುವುದು ದುಡ್ಡು ದಂಡ. ಹೊಟ್ಟೆಯ ಒಳಪೊರೆಗೆ ಕಿರಿಕಿರಿಯಾದರೆ ಸಾಕು, ಅದು ಏರುತ್ತದೆ. ಲಿವರ್ ಸಿರೋಸಿಸ್, ಟಿಬಿ ಎರಡರಲ್ಲೂ ನೂರಾರು ಬರುತ್ತದೆ. ಅದರ ಬದಲು ರಕ್ತದ ಆಲ್ಬುಮಿನ್‌ನಿಂದ (ಒಂದು ಪ್ರೋಟೀನ್) ನೀರಿನ ಆಲ್ಬುಮಿನ್ ಕಳೆಯಿರಿ, ಲೆಕ್ಕ ಡೆಸಿಲೀಟರಿಗೆ ಗ್ರಾಂನಲ್ಲಿ. ರಕ್ತದಲ್ಲಿ 3.0, ನೀರಲ್ಲಿ 1.2 ಇದ್ದರೆ ಅಂತರ 1.8. ಅಂತರ 1.1 ಅಥವಾ ಹೆಚ್ಚಿದ್ದರೆ ಪೋರ್ಟಲ್ ರಕ್ತದೊತ್ತಡದ (ಲಿವರಿಗೆ ಹೋಗುವ ರಕ್ತನಾಳದಲ್ಲಿ ಒತ್ತಡ ಏರುವುದು) ಕಡೆ ನೋಡಿ. ಕಡಿಮೆಯಿದ್ದರೆ ಒಳಪೊರೆಯ ಕ್ಯಾನ್ಸರ್, ಟಿಬಿ ಹುಡುಕಿ.

ಲಕ್ಷಣಕ್ಕೂ ಅಂಕಿಗೂ ತಾಳೆಯಾಗದಿದ್ದರೆ ಲ್ಯಾಬಿನವರಿಗೆ ಸ್ಯಾಂಪಲ್ ಡೈಲ್ಯೂಟ್ ಮಾಡಿ ಮತ್ತೆ ಓಡಿಸಲು ಹೇಳಿ. ಮಾರ್ಕರ್ ವಿಪರೀತ ಇದ್ದಾಗ ಕೆಲವು ಕಿಟ್‌ಗಳು ಸುಳ್ಳೇ ಕಡಿಮೆ ತೋರಿಸುತ್ತವೆ. ರೋಗಿ ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದಾರೆಯೇ ಎಂದೂ ಕೇಳಿ, ಅದೂ ಕೆಲವು ಕಿಟ್‌ಗಳ ಅಂಕಿ ಕೆಡಿಸುತ್ತದೆ.

ಸಿಇಎ ಹೆಚ್ಚಿದ್ದು ಸೈಟಾಲಜಿಯಲ್ಲಿ ಏನೂ ಸಿಗದಿದ್ದರೆ ಇನ್ನೊಮ್ಮೆ ನೀರು ತೆಗೆದು ಕಳಿಸಿ. ಮೂರನೆಯ ಸಲ ತೆಗೆದರೆ ಹೊಸದೇನೂ ಸಿಗುವುದು ಅಪರೂಪ; ಅಷ್ಟರಲ್ಲಿ ಸಿಟಿ ಸ್ಕ್ಯಾನ್ ಮಾಡಿಸಿ ಬಯಾಪ್ಸಿಗೆ ಕಳಿಸಿಬಿಡಿ.