ಪೆನ್‌ಡ್ರೈವಿನಲ್ಲಿ ಟೆಕ್ಸ್‌ಎಮ್‌ಎಫ್: ಡಿಟಿಎಕ್ಸ್ ಜೊತೆ ಗುದ್ದಾಡಿದ ನನ್ನ ಅನುಭವ

"ಟಿಎಲ್‌ಎಮ್‌ಜಿಆರ್ ಇರುವಾಗ ಈ ಡಿಟಿಎಕ್ಸ್ ಇಟ್ಕೊಂಡು ಯಾಕೆ ಸಾರ್ ಒದ್ದಾಡ್ತೀರಿ?" ಪಕ್ಕದ ಡಿಟಿಪಿ ಅಂಗಡಿಯ ಹುಡುಗ ಎರಡು ವರ್ಷ ಇದೇ ಹೇಳಿ ನಕ್ಕ. ಈಗ ತಿಂಗಳಿಗೊಮ್ಮೆ ಬಂದು ನನ್ನ ಪೆನ್‌ಡ್ರೈವ್ ಕೇಳುತ್ತಾನೆ. ಹಾಗಾಗಿ ಇದನ್ನು ಬರೆಯುವ ಧೈರ್ಯ ಬಂತು. ಟೆಕ್ ಅಂದರೆ ಪುಟ ಜೋಡಿಸುವ ತಂತ್ರಾಂಶ, ಪ್ಯಾಕೇಜ್ ಅಂದರೆ ಅದಕ್ಕೆ ಸೇರಿಸುವ ಹೆಚ್ಚುವರಿ ಸೌಲಭ್ಯ. ಟಿಎಲ್‌ಎಮ್‌ಜಿಆರ್ ಪ್ಯಾಕೇಜುಗಳನ್ನು ನೆಟ್‌ನಿಂದ ತಾನೇ ತಂದು ಹಾಕುತ್ತದೆ. ಡಿಟಿಎಕ್ಸ್ ಅನ್ನುವುದು ಪ್ಯಾಕೇಜಿನ ಮೂಲ ಫೈಲ್, ಕೋಡೂ ವಿವರಣೆಯೂ ಒಟ್ಟಿಗಿರುತ್ತವೆ, ನಾವೇ ಬಿಚ್ಚಿ ತೆಗೆಯಬೇಕು.

ಮೈಸೂರಿನಲ್ಲಿ ಪಿಎಚ್‌ಡಿ ಪ್ರಬಂಧಗಳನ್ನು ಟೆಕ್ ಮೇಲೆ ನಿಂತ ಲೇಟೆಕ್‌ನಲ್ಲಿ ಅಚ್ಚಿಗೆ ಸಿದ್ಧ ಮಾಡಿಕೊಡುವುದು ನನ್ನ ಕೆಲಸ. ಪುಟಕ್ಕೆ 35 ರೂಪಾಯಿ, ಗಣಿತ ಜಾಸ್ತಿ ಇದ್ದರೆ 50. ಅರ್ಧ ಕೆಲಸ ನಡೆಯುವುದು ಬೇರೆಯವರ ಕಂಪ್ಯೂಟರಿನಲ್ಲಿ. ವಿಭಾಗದ ಲ್ಯಾಬು, ಗೈಡ್ ಮನೆ, ಝೆರಾಕ್ಸ್ ಅಂಗಡಿ. ಅಡ್ಮಿನ್ ಪಾಸ್‌ವರ್ಡ್ ಯಾರಿಗೂ ಗೊತ್ತಿರುವುದಿಲ್ಲ. ಯಾರೋ ಪುಣ್ಯಾತ್ಮರು ಟೆಕ್ ಲೈವ್ 2020 (ಟೆಕ್‌ನ ಪೂರ್ತಿ ಕಟ್ಟು, ವರ್ಷಕ್ಕೊಂದು ಬರುತ್ತದೆ) ಹಾಕಿ ಹೋಗಿರುತ್ತಾರೆ, ಅಷ್ಟೇ. ಟಿಎಲ್‌ಎಮ್‌ಜಿಆರ್ ಓಡಿಸಿದರೆ ನಿಮ್ಮದು ಹಳೇ ವರ್ಷದ್ದು ಅಂತ ಬಾಗಿಲು ಹಾಕುತ್ತದೆ. ಹಳೇ ವರ್ಷದ ಸಂಗ್ರಹಕ್ಕೆ ತಿರುಗಿಸಬಹುದು, ಆದರೆ ಅಲ್ಲಿ ಸಿಗುವುದೂ ಹಳೇ ಪ್ಯಾಕೇಜೇ. ಹೊಸದನ್ನೇ ಹಾಕೋಣ ಅಂದರೆ ನಾಲ್ಕೈದು ಜಿಬಿ. ಸಲ್ಲಿಕೆಗೆ ಉಳಿದಿರುವುದು ನಾಲ್ಕು ದಿನ.

ಮೊದಲು ಮುಗ್ಗರಿಸಿದ್ದು ಅಳತೆಯ ಮಾನಗಳನ್ನು ಬರೆಯುವ ಎಸ್‌ಐಯೂನಿಟ್ಸ್ ಪ್ಯಾಕೇಜಿನಲ್ಲಿ. ಭೌತಶಾಸ್ತ್ರದ ಹುಡುಗಿಯೊಬ್ಬಳ ಫೈಲಿನ ತುಂಬ ಸಂಖ್ಯೆ, ಮಾನ ಎರಡನ್ನೂ ಒಟ್ಟಿಗೆ ಬರೆಯುವ 'ಕ್ಯೂಟಿವೈ' ಕಮಾಂಡ್. ಅದು ಬಂದಿದ್ದು 2021ರ ಮೂರನೇ ಆವೃತ್ತಿಯಲ್ಲಿ, ಯಂತ್ರದಲ್ಲಿದ್ದದ್ದು ಎರಡು. ಟೆಕ್ ಪ್ಯಾಕೇಜುಗಳ ಭಂಡಾರವಾದ ಸಿಟ್ಯಾನ್‌ನಿಂದ ಮೂಲ ತಂದೆ, ಡಿಟಿಎಕ್ಸ್ ಬಿಚ್ಚುವ ಐಎನ್‌ಎಸ್ ಫೈಲ್ ಓಡಿಸಿದೆ, ಬಳಸಲು ಬೇಕಾದ ಎಸ್‌ಟಿವೈ ಫೈಲ್ ಬಂತು. ಖುಷಿ ಐದು ನಿಮಿಷ. ಎಕ್ಸ್‌ಪಿಎಲ್3 (ಹೊಸ ಪ್ಯಾಕೇಜುಗಳು ನಿಂತಿರುವ ಲೇಟೆಕ್‌ನ ಒಳಪದರ) ತುಂಬ ಹಳೇದು ಅಂತ ನಿಂತಿತು. ಸರಿ, ಅದು ಸಿಗುವ ಎಲ್3ಕರ್ನಲ್ ಕೂಡ ತಂದು ಹೋಮ್‌ಗೆ, ಅಂದರೆ ಬಳಕೆದಾರನ ಸ್ವಂತ ಟೆಕ್ ಫೋಲ್ಡರಿಗೆ, ಸುರಿದೆ. ಈಗ ಫೈಲುಗಳು ಒಂದಕ್ಕೊಂದು ಹೊಂದುತ್ತಿಲ್ಲ ಅಂತ ಯಾವ ಡಾಕ್ಯುಮೆಂಟೂ ಓಡಲಿಲ್ಲ. 2020ರಿಂದ ಎಕ್ಸ್‌ಪಿಎಲ್3 ಲೇಟೆಕ್ ಮೊದಲೇ ಕಟ್ಟಿಟ್ಟುಕೊಂಡ ಫಾರ್ಮ್ಯಾಟಿನೊಳಗೇ ಕೂತಿರುತ್ತದೆ, ಮೇಲಿಂದ ಬೇರೆ ಹಾಕಿದರೆ ಒಪ್ಪುವುದಿಲ್ಲ. ಎರಡು ರಾತ್ರಿ ಹೋಯಿತು. ಕೊನೆಗೆ ಎಲ್ಲ ಅಳಿಸಿ, ಪೀಠಿಕೆಯಲ್ಲಿ ಹಳೇ 'ಎಸ್‌ಐ' ಕಮಾಂಡಿಗೇ 'ಕ್ಯೂಟಿವೈ' ಅಂತ ಲೆಟ್ ಮಾಡಿ ಹೆಸರಿಟ್ಟೆ. ಒಂದೇ ಸಾಲು. ಪ್ರಬಂಧ ಮುಗಿಯಿತು. ಹುಡುಗ ನಗಲು ಶುರು ಮಾಡಿದ್ದು ಆವಾಗಲೇ.

ಅವತ್ತಿನಿಂದ ಲೇಟೆಕ್‌ನ ತಿರುಳಾದ ಕರ್ನಲ್ ಮುಟ್ಟುವ ಪ್ಯಾಕೇಜಿನ ತಂಟೆಗೆ ಹೋಗಲ್ಲ. ಉಳಿದವಕ್ಕೆ ಪೆನ್‌ಡ್ರೈವಿನಲ್ಲಿ ಒಂದು ಟೆಕ್ಸ್‌ಎಮ್‌ಎಫ್ ಮರ, ಅಂದರೆ ಟೆಕ್ ತನ್ನ ಫೈಲುಗಳನ್ನು ಹುಡುಕುವ ಫೋಲ್ಡರುಗಳ ಗುಂಪು, ಮಾಡಿದೆ. ಹೋಮ್ ಎಲ್ಲಿದೆ ಅಂತ ಹೇಳುವ ಟೆಕ್ಸ್‌ಎಮ್‌ಎಫ್‌ಹೋಮ್ ಅನ್ನು ಅಲ್ಲಿಗೆ ತಿರುಗಿಸುವ ಪುಟ್ಟ ಬ್ಯಾಚ್ ಫೈಲ್, ಅದರಿಂದಲೇ ಎಡಿಟರ್ ತೆರೆಯುತ್ತದೆ. ಹೋಮ್ ಮರವಾದ್ದರಿಂದ ಟೆಕ್ಸ್‌ಹ್ಯಾಶ್ ಓಡಿಸಿ ಫೈಲುಗಳ ಪಟ್ಟಿ ಹೊಸದು ಮಾಡುವ ಗೋಜಿಲ್ಲ. ಮಿಕ್‌ಟೆಕ್ ಅನ್ನುವ ಇನ್ನೊಂದು ಟೆಕ್ ಕಟ್ಟು ಇದ್ದ ಕಡೆ ಇದು ನಡೆಯಲ್ಲ, ಅದರ ಕನ್ಸೋಲ್‌ನಲ್ಲೇ ಈ ಮರವನ್ನು ರೂಟ್ ಅಂತ ಸೇರಿಸಬೇಕು.

ದುಡ್ಡು ಹೋದ ಕಥೆ ಈಗ. ಪ್ರಬಂಧಕ್ಕೆ ನನ್ನದೇ ಒಂದು ಕ್ಲಾಸ್ (ಪುಟದ ವಿನ್ಯಾಸ ಹೇಳುವ ಸಿಎಲ್‌ಎಸ್ ಫೈಲ್) ಇದೆ, ಅದನ್ನೂ ಡಿಟಿಎಕ್ಸ್‌ನಲ್ಲೇ ಬರೆದಿದ್ದೇನೆ. ಎಡ ಮಾರ್ಜಿನ್ ಒಂದು ಇಂಚು ಇದ್ದದ್ದನ್ನು ಬೈಂಡಿಂಗ್‌ಗೆ ಅಂತ ಒಂದೂವರೆ ಮಾಡಿ, ಹೊಸ ಸಿಎಲ್‌ಎಸ್ ತೆಗೆದು ಮರಕ್ಕೆ ಹಾಕಿದೆ. 240 ಪುಟ, ಐದು ಪ್ರತಿ. ಬೈಂಡ್ ಆಗಿ ಬಂದಾಗ ಪ್ರತಿ ಸಾಲಿನ ಮೊದಲ ಅಕ್ಷರ ಮಡಿಕೆಯೊಳಗೆ! ಹಿಂದೊಮ್ಮೆ ಐಎನ್‌ಎಸ್ ಅನ್ನು ಪ್ರಬಂಧದ ಫೋಲ್ಡರಿನಲ್ಲೇ ಓಡಿಸಿದ್ದೆ. ಹಳೇ ಸಿಎಲ್‌ಎಸ್ ಅಲ್ಲೇ ಬಿದ್ದಿತ್ತು, ಟೆಕ್ ಮೊದಲು ನೋಡುವುದೇ ತಾನು ಓಡುತ್ತಿರುವ ಫೋಲ್ಡರನ್ನು. ಟೆಕ್ ಬರೆದಿಡುವ ಲಾಗ್ ತೆರೆದಿದ್ದರೆ ಸಿಎಲ್‌ಎಸ್ ಹೆಸರಿನ ಮುಂದೆ ಚುಕ್ಕೆ ಮತ್ತು ಗೀಟು, ಅಂದರೆ ಇದೇ ಫೋಲ್ಡರಿನದು ಅನ್ನುವ ಗುರುತು, ಕಾಣುತ್ತಿತ್ತು. ತೆರೆಯಲಿಲ್ಲ. ಮೂರೂವರೆ ಸಾವಿರದ ಹತ್ತಿರ ಕೈಯಿಂದ ಹಾಕಿದೆ. ಈಗ ಡಿಟಿಎಕ್ಸ್‌ಗಳಿಗೆ ಬೇರೆಯೇ ಫೋಲ್ಡರ್, ಅಚ್ಚಿಗೆ ಕಳಿಸುವ ಮುಂಚೆ ಲಾಗ್‌ನಲ್ಲಿ ಫೈಲಿನ ದಾರಿ ಓದದೆ ಬಿಡುವುದಿಲ್ಲ.

ಇನ್ನೊಂದು ತಲೆನೋವು ಕನ್ನಡದ್ದೇ. ಕ್ಲಾಸಿನೊಳಗೆ 'ಅಧ್ಯಾಯ' ಅಂತ ಬರೆದಿದ್ದೆ. ಕೆಲವು ರೀಡ್‌ಮಿಗಳಲ್ಲಿ ಇರುವಂತೆ ಬರೀ ಟೆಕ್‌ನಿಂದ ಐಎನ್‌ಎಸ್ ಓಡಿಸಿದೆ. ಪ್ರಬಂಧ ಓಡಿಸಿದ್ದು ಕನ್ನಡವನ್ನು ನೇರವಾಗಿ ಓದುವ ಝೀಲೇಟೆಕ್‌ನಲ್ಲಿ. ಶೀರ್ಷಿಕೆಯ ಜಾಗದಲ್ಲಿ ತಲೆ ಮೇಲೆ ಗೀರು ಇರುವ ಇಂಗ್ಲಿಷ್ ಎ, ಪಕ್ಕದಲ್ಲಿ ಪುಟ್ಟ ಎರಡು, ಮತ್ತೆ ಅದೇ ಎ! ಫಾಂಟ್ ತಪ್ಪು ಅಂದುಕೊಂಡು ಮೂರು ಫಾಂಟ್ ಬದಲಿಸಿದೆ. ಕೊನೆಗೆ ಸಿಎಲ್‌ಎಸ್ ತೆರೆದರೆ ಅಲ್ಲಿ ಅಧ್ಯಾಯವೇ ಇಲ್ಲ. ಎರಡು ಟೋಪಿ (^^), ಇ, ಸೊನ್ನೆ. ಎರಡು ಟೋಪಿ, ಬಿ, ಎರಡು. ಹೀಗೆ ಹದಿನೆಂಟು ತುಂಡು. ಹಳೇ ಟೆಕ್‌ಗೆ ಆಸ್ಕಿ ಬಿಟ್ಟರೆ ಬೇರೆ ಅಕ್ಷರವನ್ನು ಹಾಗೇ ಬರೆಯಲು ಬರಲ್ಲ, ಒಂದೊಂದು ಬೈಟನ್ನೂ ಟೋಪಿ ಹಾಕಿ ಇಡುತ್ತದೆ. ಝೀಲೇಟೆಕ್ ಪ್ರತಿ ಬೈಟನ್ನೂ ಒಂದೊಂದು ಅಕ್ಷರ ಅಂತ ಓದುತ್ತದೆ. ಐಎನ್‌ಎಸ್ ಅನ್ನೂ ಝೀಲೇಟೆಕ್‌ನಿಂದಲೇ ಓಡಿಸಿದೆ, ಅಧ್ಯಾಯ ವಾಪಸ್ ಬಂತು. ಇಂಗ್ಲಿಷಿನಲ್ಲಿ ಬರೆಯುವವರಿಗೆ ಈ ಗ್ರಹಚಾರ ಜನ್ಮದಲ್ಲಿ ಗೊತ್ತಾಗಲ್ಲ ಬಿಡಿ. ಡಿಟಿಎಕ್ಸ್‌ನಲ್ಲಿ ಒಂದೇ ಶೇಕಡಾ ಗುರುತಿನಿಂದ ಶುರುವಾಗುವ ವಿವರಣೆಯ ಸಾಲುಗಳಲ್ಲಿ ಮಾತ್ರ ಕನ್ನಡ ಎಷ್ಟು ಬೇಕಾದರೂ ಬರೆಯಿರಿ. ಐಎನ್‌ಎಸ್ ಓಡಿಸಿದಾಗ ಬಿಚ್ಚುವ ಕೆಲಸ ಮಾಡುವ ಡಾಕ್‌ಸ್ಟ್ರಿಪ್ ಅವನ್ನು ಹೇಗಿದ್ದರೂ ಕಿತ್ತು ಬಿಸಾಡುತ್ತದೆ. ನಾನು ಯಾವ ಗೈಡ್ ಯಾವ ತಪ್ಪು ಹಿಡಿದರು ಅನ್ನುವುದನ್ನೆಲ್ಲ ಅಲ್ಲೇ ಬರೆದಿಡುತ್ತೇನೆ. ಗಿರಾಕಿಗೆ ಹೋಗುವ ಸಿಎಲ್‌ಎಸ್‌ನಲ್ಲಿ ಅದರ ಸುಳಿವೂ ಇರಲ್ಲ!

ತಪ್ಪಿ ಐಎನ್‌ಎಸ್ ಬದಲು ಡಿಟಿಎಕ್ಸನ್ನೇ ಓಡಿಸಿ, ಪಿಡಿಎಫ್ ಬಂತು, ಪ್ಯಾಕೇಜ್ ಎಲ್ಲಿ ಅಂತ ಹುಡುಕಿದ್ದೂ ಇದೆ. ಕೆಲವು ಡಿಟಿಎಕ್ಸ್ ತನ್ನನ್ನು ತಾನೇ ಬಿಚ್ಚಿಕೊಳ್ಳುತ್ತದೆ, ಎಲ್ಲವೂ ಅಲ್ಲ. ಮೊದಲ ಐವತ್ತು ಸಾಲು ಓದಿದರೆ ಗೊತ್ತಾಗುತ್ತದೆ.

ಐಎನ್‌ಎಸ್ ಓಡಿಸಿದ ಕೂಡಲೇ ಫೈಲುಗಳು ತಾವೇ ಮರದ ಸರಿಯಾದ ಕೊಂಬೆಗೆ ಹೋಗಿ ಕೂರುವ ವ್ಯವಸ್ಥೆಯೂ ಮಾಡಿಕೊಂಡಿದ್ದೇನೆ. ಡಾಕ್‌ಸ್ಟ್ರಿಪ್‌ನ ಸಿಎಫ್‌ಜಿ (ಸೆಟ್ಟಿಂಗ್) ಫೈಲಿನಲ್ಲಿದೆ ಗುಟ್ಟು, ಅಷ್ಟು ಹೇಳಬಲ್ಲೆ. ಬೇರೆ ಜಾಗಕ್ಕೆ ಬರೆಯಲು ಟೆಕ್ ಮೊದಲು ಬಿಡುವುದಿಲ್ಲ, ಅದನ್ನು ಒಪ್ಪಿಸಿದ್ದು ಹೇಗೆ ಅಂತ ಪಕ್ಕದ ಹುಡುಗನಿಗೂ ಹೇಳಿಲ್ಲ.

ಈಗಿನ ಹುಚ್ಚು ಗಾರ್ಡ್‌ಗಳದ್ದು. ಮೂರು ವಿಶ್ವವಿದ್ಯಾಲಯಗಳ ನಿಯಮ, ಒಂದೇ ಡಿಟಿಎಕ್ಸ್. ಗಾರ್ಡ್ ಅಂದರೆ ಇಷ್ಟೇ, ಕೋನದ ಗುರುತಿನೊಳಗೆ ಹೆಸರು ಹಾಕಿದರೆ ಆ ತುಂಡು ಆ ಕ್ಲಾಸಿಗೆ ಮಾತ್ರ ಹೋಗುತ್ತದೆ. ಮೊದಲು ಮೂರು ಕ್ಲಾಸ್ ತಿದ್ದಲು ಒಂದು ದಿನ ಬೇಕಿತ್ತು, ಈಗ ಕಾಫಿ ಕುಡಿಯುವಷ್ಟು ಹೊತ್ತು. ಹೋದ ತಿಂಗಳು ಒಂದು ಗಾರ್ಡ್ ಹಾಕಲು ಮರೆತು, ಒಂದು ವಿಶ್ವವಿದ್ಯಾಲಯದ ಲಾಂಛನ ಇನ್ನೊಂದರ ಮುಖಪುಟಕ್ಕೆ ಹೋಯಿತು. ಅಚ್ಚಾಗುವ ಮುಂಚೆ ಸಿಕ್ಕಿಬಿತ್ತು. ಹಿಡಿದವನು ನಾನಲ್ಲ, ಆ ಹುಡುಗನೇ.